ಮುನ್ನೂರ ಹದಿನೇಳು ಅಭಿಪ್ರಾಯಗಳು

ನನ್ನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತವರೆಲ್ಲ ಮೊದಲು ಹೇಳುವ ಮಾತು ಒಂದೇ: ತಪ್ಪು ನನ್ನದಲ್ಲ. ಮೂವತ್ತೊಂದು ವರ್ಷದಿಂದ ಕೇಳುತ್ತಿದ್ದೇನೆ. ಪಿಂಚಣಿ ನಿಂತುಹೋದವರು, ಮನೆಯ ನಲ್ಲಿಯ ನೀರು ನಿಲ್ಲಿಸಿದ್ದಾರೆ ಎಂದು ಬಂದವರು, ಗಂಡನ ಮೇಲೆ ದೂರು ಕೊಡುವವರು, ಹೆಂಡತಿಯ ಮೇಲೆ ದೂರು ಕೊಡುವವರು, ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ನಾನು ತಲೆಯಾಡಿಸಿ ಬರೆದುಕೊಡುತ್ತೇನೆ. ನಂಬುವುದು ನನ್ನ ಕೆಲಸವಲ್ಲ, ಬರೆಯುವುದು ನನ್ನ ಕೆಲಸ.

ಊರಿನ ನಟ್ಟನಡುವೆ ದೊಡ್ಡ ಚೌಕ. ಅದರ ಒಂದು ಬದಿಗೆ ನಗರಸಭೆಯ ಹಳೆಯ ಕಲ್ಲಿನ ಕಟ್ಟಡ, ಕಟ್ಟಡದ ಮುಂದೆ ಉದ್ದಕ್ಕೂ ಕಮಾನುಗಳು. ಮೂರನೆಯ ಕಮಾನಿನ ಕೆಳಗೆ ನನ್ನ ಮೇಜು. ನನಗಿಂತ ಮೊದಲು ಅಲ್ಲಿ ಅಪ್ಪ ಕೂರುತ್ತಿದ್ದರು. ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿದ ರಟ್ಟು. ಪಕ್ಕದ ಕಮಾನಿನಲ್ಲಿ ಬೀಗ ರಿಪೇರಿಯವನು. ಜನ ನನ್ನನ್ನು ಅರ್ಜಿಯಮ್ಮ ಅನ್ನುತ್ತಾರೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಊರೇ ಹೇಳುತ್ತದೆ. ನಾನೂ ಅಲ್ಲ ಅನ್ನುವುದಿಲ್ಲ. ಇರುವುದನ್ನು ಇಲ್ಲ ಅಂದರೆ ಅದೂ ಒಂದು ಸುಳ್ಳೇ.

ಅಪ್ಪ ನನಗೆ ಎರಡು ವಿಷಯ ಕಲಿಸಿದರು. ಅರ್ಜಿ ಬರೆಸುವವನನ್ನೂ ನಂಬಬೇಡ, ಅರ್ಜಿ ಓದುವವನನ್ನೂ ನಂಬಬೇಡ ಎಂಬುದು ಒಂದು. ಇನ್ನೊಂದು, ಹಾಳೆಯ ಎಡಗಡೆ ಕೆಳಮೂಲೆಯಲ್ಲಿ ಗುರುತು ಹಾಕುವುದು. ನಮ್ಮದು ಮೂರು ಚುಕ್ಕಿ, ಅದರ ಕೆಳಗೊಂದು ಓರೆಗೆರೆ. ಅರ್ಜಿ ತಿದ್ದಲು ವಾಪಸು ಬಂದರೆ ಅದು ನಮ್ಮ ಮೇಜಿನದೋ ಅಲ್ಲವೋ ಎಂದು ತಕ್ಷಣ ಗೊತ್ತಾಗಬೇಕು, ನಮ್ಮದಾದರೆ ಮತ್ತೆ ಕಾಸು ಕೇಳಬಾರದು. ಬೇರೆ ಯಾರೋ ಬರೆದ ತಪ್ಪು ನಮ್ಮ ತಲೆಗೆ ಬರಲೂಬಾರದು. ನನ್ನ ಕೈ ಈಗ ಕೇಳದೆಯೇ ಆ ಗುರುತು ಹಾಕುತ್ತದೆ, ಮನೆಯ ಸಾಮಾನಿನ ಚೀಟಿಯ ಮೇಲೂ.

ಚೌಕದಲ್ಲಿ ಬೋರ್ಡು ನಿಂತದ್ದು ಒಂದು ಸೋಮವಾರ. "ನಿಮ್ಮ ಚೌಕ, ನಿಮ್ಮ ಅಭಿಪ್ರಾಯ" ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ಓದಿದ ಕೂಡಲೇ ನನಗೆ ವಾಸನೆ ಬಡಿಯಿತು. ಇಷ್ಟು ವರ್ಷದಲ್ಲಿ ನಗರಸಭೆಯವರು ಯಾವುದನ್ನೂ ನಿಮ್ಮದು ಎಂದು ಹೇಳಿದವರಲ್ಲ. ಈಗ ಇದ್ದಕ್ಕಿದ್ದಂತೆ ಚೌಕ ನಿಮ್ಮದು ಅನ್ನುತ್ತಿದ್ದಾರೆ ಅಂದರೆ ಅದು ನಮ್ಮ ಕೈತಪ್ಪುವ ದಿನ ಹತ್ತಿರ ಬಂದಿದೆ ಎಂದೇ ಅರ್ಥ.

ಬೋರ್ಡಿನ ಪಕ್ಕದಲ್ಲಿ ಬಣ್ಣ ಹಾಕಿದ ಎರಡು ನಕ್ಷೆಗಳು. ಮೊದಲನೆಯದರಲ್ಲಿ ಚೌಕದ ನಡುವೆ ಕಾರಂಜಿ. ಎರಡನೆಯದರಲ್ಲಿ ಹೂದೋಟ, ಸುತ್ತ ಕಬ್ಬಿಣದ ಬೇಲಿ, ಗೇಟು. ಎರಡರಲ್ಲೂ ಎತ್ತರೆತ್ತರದ ಜನ ಕೈ ಬೀಸಿಕೊಂಡು ನಡೆಯುತ್ತಿದ್ದರು. ನಾನು ಎಣಿಸಿದೆ. ನಲವತ್ತಮೂರು ಜನ, ಒಂದು ನಾಯಿ, ಒಂದು ಬಲೂನು. ಒಬ್ಬರ ತಲೆಯ ಮೇಲೂ ಹೊರೆಯಿಲ್ಲ, ಒಬ್ಬರೂ ಸುಸ್ತಾಗಿ ಕೂತಿಲ್ಲ. ಕಮಾನುಗಳ ಕೆಳಗೆ ಒಂದು ಮೇಜೂ ಇಲ್ಲ, ಬೀಗದವನೂ ಇಲ್ಲ, ನಾನೂ ಇಲ್ಲ. ನಾಯಿಗೆ ಸಿಕ್ಕ ಜಾಗ ನನಗೆ ಸಿಕ್ಕಿರಲಿಲ್ಲ.

ನಮೂನೆ ಎಂಬ ಒಂದು ಹಾಳೆ ಕೊಡುತ್ತಿದ್ದರು. ನಕ್ಷೆ ಒಂದು ಇಷ್ಟವೋ, ನಕ್ಷೆ ಎರಡು ಇಷ್ಟವೋ, ಗುರುತು ಹಾಕಿ. ಎರಡೂ ಬೇಡ ಅನ್ನುವವರಿಗೆ ಗುರುತು ಹಾಕಲು ಜಾಗವಿಲ್ಲ. ಕೊನೆಯಲ್ಲಿ ಮಾತ್ರ "ಇತರೆ ಸಲಹೆ" ಎಂದು ಮೂರು ಖಾಲಿ ಗೆರೆ. ಕೆಳಗೆ ಹೆಸರು, ವಿಳಾಸ, ಸಹಿ ಅಥವಾ ಹೆಬ್ಬೆಟ್ಟು. ತುಂಬಿದ ಹಾಳೆಯನ್ನು ಬೀಗ ಹಾಕಿದ ಮರದ ಪೆಟ್ಟಿಗೆಗೆ ಹಾಕಬೇಕು. ಫೋನು ಇದ್ದವರು ಫೋನಿನಲ್ಲೇ ಒತ್ತಬಹುದಂತೆ. ಆ ಮೂರು ಖಾಲಿ ಗೆರೆಗಳನ್ನು ನೋಡಿ, ಇವರು ಎಲ್ಲ ಕಿಟಕಿ ಮುಚ್ಚಿದರೂ ಒಂದು ಚಿಲಕ ಹಾಕುವುದನ್ನು ಮರೆತಿದ್ದಾರೆ ಅಂದುಕೊಂಡೆ.

ಇದೆಲ್ಲದರ ಉಸ್ತುವಾರಿಗೆ ಹೊರಗಿನಿಂದ ಒಬ್ಬರನ್ನು ಕರೆಸಿದ್ದರು. ಜನ ಅವರಿಗೆ ನಕ್ಷೆ ಸಾಹೇಬರು ಎಂದು ಹೆಸರಿಟ್ಟರು. ತೆಳ್ಳಗಿನ ಮನುಷ್ಯ, ಮೆಲುದನಿ, ಯಾರು ಮಾತಾಡಿದರೂ ಕತ್ತು ಓರೆ ಮಾಡಿ ಕೇಳುತ್ತಿದ್ದರು. ಎರಡನೆಯ ದಿನ ಅವರೇ ಬಂದು ನನ್ನ ಸ್ಟೂಲಿನ ಮೇಲೆ ಕೂತರು. ತಪ್ಪು ನನ್ನದಲ್ಲ ಎಂದು ಶುರುಮಾಡದ ಮೊದಲ ಗಿರಾಕಿ. ಚೌಕದ ಸುತ್ತಲಿನ ಅಂಗಡಿಯವರನ್ನು ಸಭೆಗೆ ಕರೆಯಲು ಒಂದು ಆಹ್ವಾನ ಬೇಕಿತ್ತಂತೆ. ಅಚ್ಚಾದ ಕಾಗದ ಯಾರೂ ಓದುವುದಿಲ್ಲ, ಕೈಯಲ್ಲಿ ಬರೆದದ್ದಾದರೆ ಓದುತ್ತಾರೆ, ನೀವು ಒಂದು ಬರೆದುಕೊಟ್ಟರೆ ಅದನ್ನೇ ಪ್ರತಿ ಮಾಡಿಸಿ ಹಂಚುತ್ತೇನೆ ಎಂದರು. ನಾನು ಬರೆದುಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಂಥ ಅಕ್ಷರ ನಾನು ನೋಡಿಲ್ಲ ಅಮ್ಮ," ಎಂದರು. "ಸಾವಿರ ಕಾಗದದ ಮಧ್ಯ ಇಟ್ರೂ ಇದು ನಿಮ್ಮದೇ ಅಂತ ಹೇಳ್ಬಹುದು."

ನಾನು ಉಬ್ಬಿಹೋದೆ. ಆ ದಿನ ಸಂಜೆ ಮನೆಗೆ ನಡೆದುಕೊಂಡು ಹೋಗುವಾಗ ಕಾಲು ನೆಲದ ಮೇಲೇ ಇರಲಿಲ್ಲ. ವಾರ ಕಳೆದ ಮೇಲೆ ಬೀಗದವನು, ತನಗೆ ಯಾವ ಆಹ್ವಾನವೂ ಬಂದಿಲ್ಲ, ಪಕ್ಕದ ಅಂಗಡಿಯವರಿಗೂ ಬಂದಿಲ್ಲ ಎಂದಾಗ, ನಿನ್ನ ಮುಖ ನೋಡಿ ಕೊಟ್ಟಿರಲಿಕ್ಕಿಲ್ಲ ಎಂದು ತಮಾಷೆ ಮಾಡಿ ಸುಮ್ಮನಾದೆ.

ಪೆಟ್ಟಿಗೆಯ ಕೀಲಿ ಇದ್ದದ್ದು ನನ್ನ ಅಳಿಯಂದಿರ ಹತ್ತಿರ. ಅವರು ನಗರಸಭೆಯಲ್ಲಿ ಗುಮಾಸ್ತರು. ಪೆಟ್ಟಿಗೆ ತೆಗೆದು, ನಮೂನೆಗಳನ್ನು ವಿಂಗಡಿಸಿ, ಎಣಿಸಿ, ಸಾಹೇಬರಿಗೆ ಒಪ್ಪಿಸುವ ಕೆಲಸ ಅವರದು. ಮಗಳು ಅವರನ್ನು ಮದುವೆಯಾಗಿ ಒಂಬತ್ತು ವರ್ಷವಾಗಿದೆ. ಈ ಒಂಬತ್ತು ವರ್ಷದಲ್ಲಿ ಅವರು ಒಮ್ಮೆಯೂ ದನಿ ಎತ್ತಿದ್ದು ನಾನು ಕೇಳಿಲ್ಲ. ಏನು ಕೇಳಿದರೂ "ನೋಡೋಣ ಅತ್ತೆ" ಅನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಒಬ್ಬ ಮನುಷ್ಯನಿಗೆ ಒಂಬತ್ತು ವರ್ಷ ಸಿಟ್ಟೇ ಬರಲಿಲ್ಲ ಅಂದರೆ ಅವನು ಆ ಸಿಟ್ಟನ್ನು ಎಲ್ಲೋ ಕೂಡಿಡುತ್ತಿದ್ದಾನೆ ಎಂದು ನನ್ನ ಗುಮಾನಿ. ಮಗಳ ಹತ್ತಿರ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ಮೂರು ವಾರ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಬರೆಯಲು ಬಾರದವರು, ಬಂದರೂ ಧೈರ್ಯವಿಲ್ಲದವರು, ಎಲ್ಲರೂ ನಮೂನೆ ಹಿಡಿದುಕೊಂಡು ನನ್ನ ಮುಂದೆ ಸಾಲುಗಟ್ಟಿದರು. ಚಪ್ಪಲಿ ಹೊಲಿಯುವವರು, ಮುಂಜಾನೆ ಕಸ ಗುಡಿಸುವ ಹೆಂಗಸರು, ಬಸ್ಸಿಗೆ ಕಾಯುತ್ತ ಮೆಟ್ಟಿಲ ಮೇಲೆ ಕೂರುವ ದಾದಿಯರು, ಮನೆಯಲ್ಲಿ ಸೊಸೆಯ ಕಣ್ಣಿಗೆ ಬೀಳದಿರಲೆಂದು ಚೌಕಕ್ಕೆ ಬಂದು ಕೂರುವ ಒಬ್ಬ ಮುದುಕರು. ಅವರು ಹತ್ತು ಮಾತು ಆಡಿದರೆ ನಾನು ಮೂರು ಸಾಲು ಮಾಡುತ್ತಿದ್ದೆ: ಚೌಕ ಇದ್ದ ಹಾಗೆಯೇ ಇರಲಿ. ಎದ್ದುಹೋದ ಕಲ್ಲುಗಳನ್ನು ಕೂರಿಸಿ. ಕಮಾನಿನ ಕೆಳಗೆ ದುಡಿಯುವವರನ್ನು ಏಳಿಸಬೇಡಿ. ಯಾರ ಹತ್ತಿರವೂ ಕಾಸು ತೆಗೆದುಕೊಳ್ಳಲಿಲ್ಲ. ಪ್ರತಿಯೊಂದರ ಮೂಲೆಯಲ್ಲೂ ಮೂರು ಚುಕ್ಕಿ, ಒಂದು ಓರೆಗೆರೆ. ಕೊನೆಯ ದಿನಕ್ಕೆ ಎಣಿಸಿದರೆ ಮುನ್ನೂರ ಹದಿನೇಳು.

ಈ ಮೇಜು ಹೋದರೆ ನನಗೆ ಬೇರೆ ಮೇಜು ಇಲ್ಲ. ಇಲ್ಲಿಗೆ ಬರುವ ಜನ ಇನ್ನೊಂದು ಬೀದಿಗೆ ನನ್ನನ್ನು ಹುಡುಕಿಕೊಂಡು ಬರುವುದಿಲ್ಲ. ಕಚೇರಿಯ ಮೆಟ್ಟಿಲಿಳಿದು ಕಣ್ಣೊರೆಸಿಕೊಳ್ಳುವಾಗ ಎದುರಿಗೆ ನಾನು ಕಾಣಬೇಕು, ಆಗಲೇ ಅವರಿಗೆ ಅರ್ಜಿಯ ನೆನಪಾಗುವುದು. ಆದ್ದರಿಂದ ಆ ಪೆಟ್ಟಿಗೆಯ ಮೇಲೆ ನನಗೆ ಕಣ್ಣು. ದಿನಾ ಐದು ಗಂಟೆಗೆ ಅಳಿಯಂದಿರು ಇಳಿದು ಬಂದು ಪೆಟ್ಟಿಗೆ ತೆಗೆಯುತ್ತಿದ್ದರು. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ.

ನಮೂನೆ ಕೊಡುವ ಗಡುವು ಮುಗಿದ ವಾರದಲ್ಲಿ ಮೊದಲ ಅನುಮಾನ ಬಂತು. ಅಳಿಯಂದಿರ ಚೀಲ. ಬೆಳಿಗ್ಗೆ ಕಚೇರಿಗೆ ಬರುವಾಗ ಚಪ್ಪಟೆ, ಸಂಜೆ ಹೋಗುವಾಗ ಹೊಟ್ಟೆ ಬಿಟ್ಟುಕೊಂಡಿರುತ್ತಿತ್ತು. ಏನು ಅಳಿಯಂದಿರೇ, ಕಚೇರಿಯನ್ನೇ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೀರಾ ಎಂದು ಕೇಳಿದೆ. ನಕ್ಕರು. ನಮೂನೆಗಳ ಎಣಿಕೆ ಎಲ್ಲಿಗೆ ಬಂತು ಎಂದು ಕೇಳಿದೆ. ನೋಡೋಣ ಅತ್ತೆ ಎಂದರು. ಸ್ಕೂಟರು ಹತ್ತಿದರು, ಹೋದರು.

ಎರಡನೆಯದು ಬೀಗದವನು. ಅವನ ಗೂಡಿನ ಮುಂದೆ ಜನ ಬಂದು ಬಗ್ಗಿ ಏನೋ ಸಹಿ ಹಾಕಿ ಹೋಗುತ್ತಿದ್ದರು. ಬಂದವರೆಲ್ಲ ನನ್ನ ಸ್ಟೂಲಿನ ಮೇಲೆ ಕೂತು ಹೋದ ಮುಖಗಳೇ. ಗುಡಿಸುವ ಹೆಂಗಸೊಬ್ಬಳು ಹೆಬ್ಬೆಟ್ಟಿನ ಮಸಿಯನ್ನು ಕಂಬಕ್ಕೆ ಒರೆಸಿ, ನನ್ನನ್ನು ಕಂಡು ಮುಖ ತಿರುಗಿಸಿಕೊಂಡಳು. ನಾನು ಎದ್ದು ಅತ್ತ ಹೋದರೆ ಬೀಗದವನು ಹಾಳೆಗಳನ್ನು ಕೀಲಿಗಳ ಡಬ್ಬಿಯ ಕೆಳಗೆ ತಳ್ಳುತ್ತಿದ್ದ.

"ಏನಯ್ಯಾ ಅದು?" ಎಂದೆ.

"ಏನಿಲ್ಲ ಅಕ್ಕ. ಗಿರಾಕಿಗಳ ಚೀಟಿ."

ಗಿರಾಕಿಗಳು ಬೀಗದವನಿಗೆ ಹೆಬ್ಬೆಟ್ಟು ಒತ್ತುವುದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಯೋಚಿಸಿದಷ್ಟೂ ಎಲ್ಲ ಕೂಡಿಬಂತು. ಎರಡನೆಯ ನಕ್ಷೆಯಲ್ಲಿ ಬೇಲಿ ಇದೆ, ಬೇಲಿಗೆ ಗೇಟು, ಗೇಟಿಗೆ ಬೀಗ. ಆ ಬೀಗದ ಗುತ್ತಿಗೆ ಇವನಿಗೆ ಕೊಡುತ್ತೇವೆ ಅಂದಿರಬೇಕು. ನನ್ನ ಜನರಿಂದ ನಕ್ಷೆ ಎರಡಕ್ಕೆ ಸಹಿ ಹಾಕಿಸುತ್ತಿದ್ದಾನೆ. ಹದಿನಾರು ವರ್ಷ ಪಕ್ಕದಲ್ಲಿ ಕೂತು, ನನ್ನ ಫ್ಲಾಸ್ಕಿನ ಚಹಾ ಕುಡಿದವನು. ಅವತ್ತಿನಿಂದ ಅವನಿಗೆ ಚಹಾ ನಿಲ್ಲಿಸಿದೆ.

ಎಣಿಕೆಯನ್ನು ಊರಿನ ಮುಂದೆ ಓದುವ ಸಭೆಗೆ ನಾಲ್ಕು ದಿನ ಇರುವಾಗ ನಕ್ಷೆ ಸಾಹೇಬರು ಮತ್ತೆ ಬಂದರು. ಈ ಸಲ ಕೂರಲಿಲ್ಲ. ಮೇಜಿಗೆ ಎರಡು ಬೆರಳು ಊರಿ, ನಿಮ್ಮ ಅಳಿಯ ಬಹಳ ಶ್ರಮಜೀವಿ, ಭಾನುವಾರ ಕೂಡ ಮನೆಯಲ್ಲಿ ಕೂತು ನಮೂನೆಗಳ ಕೆಲಸ ಮಾಡುತ್ತಾರೆ ಎಂದು ಕೇಳಿದೆ, ಅದೃಷ್ಟವಂತರು ನೀವು ಎಂದರು. ಅಷ್ಟೇ. ಮೆಲ್ಲಗೆ ಮೆಟ್ಟಿಲು ಹತ್ತಿ ಹೋದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆ ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ಮಗಳ ಮನೆಗೆ ಹೋದೆ. ಬಾಗಿಲು ತೆಗೆಯಲು ತಡವಾಯಿತು. ಒಳಗೆ ಕುರ್ಚಿ ಎಳೆದ ಸದ್ದು, ಕಾಗದದ ಸರಸರ. ಬಾಗಿಲು ತೆಗೆದ ಮಗಳ ಬೆರಳಲ್ಲಿ ನೀಲಿ ಮಸಿ. ಊಟದ ಮೇಜಿನ ಮೇಲೆ ಹಾಸಿಗೆಯ ಹೊದಿಕೆ ಹರಡಿತ್ತು, ಅದರ ಕೆಳಗೆ ಏನೋ ಉಬ್ಬಿಕೊಂಡಿತ್ತು. ಮಗಳ ಮಾವ, ಕೈ ನಡುಗುವ ಹಿರಿಯರು, ನನ್ನನ್ನು ಕಂಡು ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು. ಅಳಿಯಂದಿರು ಮನೆಯಲ್ಲಿರಲಿಲ್ಲ. ಸ್ಕೂಟರು ತೆಗೆದುಕೊಂಡು ಎಲ್ಲಿಗೋ ಹೋಗಿದ್ದಾರೆ ಎಂದಳು ಮಗಳು. ಎಲ್ಲಿಗೆ ಎಂದು ಕೇಳಿದರೆ ಹೀಗೇ ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನನ್ನ ಮುಖಕ್ಕೇ ಸುಳ್ಳು ಹೇಳುತ್ತಿದ್ದಳು.

ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಕಸದ ಬುಟ್ಟಿ ಕಂಠಮಟ್ಟ ತುಂಬಿತ್ತು. ತರಕಾರಿ ಸಿಪ್ಪೆಯ ನಡುವೆ ಕಾಗದದ ಚೂರುಗಳು. ಒಂದನ್ನು ಎತ್ತಿ ನೋಡಿದೆ. ನನ್ನ ಅಕ್ಷರ. "ಏಳಿಸಬೇಡಿ" ಎಂಬಷ್ಟು ಉಳಿದಿತ್ತು. ಇನ್ನೊಂದು ಚೂರಿನ ಮೂಲೆಯಲ್ಲಿ ಮೂರು ಚುಕ್ಕಿ, ಒಂದು ಓರೆಗೆರೆ. ಕೈ ಹಾಕಿದಷ್ಟೂ ಅದೇ. ನಾನು ಬೆನ್ನು ಮುರಿದು ಬರೆದದ್ದನ್ನು ನನ್ನ ಮಗಳ ಅಡುಗೆಮನೆಯಲ್ಲಿ ಹರಿದು ಸಿಪ್ಪೆಯ ಜೊತೆ ಹಾಕಿದ್ದರು. ಅತ್ತುಬಿಡುತ್ತೇನೇನೋ ಅನ್ನಿಸಿತು, ಅಳು ಬರಲಿಲ್ಲ, ಸಿಟ್ಟು ಬಂತು. ಗುರುತಿದ್ದ ಎಂಟು ಚೂರುಗಳನ್ನು ಒರೆಸಿ ಕೈಚೀಲಕ್ಕೆ ಹಾಕಿಕೊಂಡೆ.

ಅಲ್ಲೇ ಕೇಳಬಹುದಿತ್ತು. ಹೊರಗೆ ಹೋಗಿ ಹೊದಿಕೆ ಎತ್ತಿ, ಇದೇನು ಎಂದು ಒಂದು ಮಾತು. ಈಗ ದಿನಕ್ಕೆ ನೂರು ಸಲ ಹಾಗಂದುಕೊಳ್ಳುತ್ತೇನೆ. ಆದರೆ ಕೇಳಿದರೆ ಸುಳ್ಳು ಹೇಳುತ್ತಾರೆ, ಉಳಿದದ್ದನ್ನೂ ಸುಟ್ಟುಹಾಕುತ್ತಾರೆ ಎಂಬುದೇ ಆಗ ನನ್ನ ತಲೆಯಲ್ಲಿದ್ದದ್ದು. ನೀರು ಕುಡಿದೆ, ಲೋಟ ತೊಳೆದಿಟ್ಟೆ, ಬರುತ್ತೇನೆ ಎಂದು ಹೊರಟುಬಂದೆ.

ಸಭೆ ಬುಧವಾರ ಸಂಜೆ ನಾಲ್ಕಕ್ಕೆ, ನಗರಸಭೆಯ ಮಹಡಿಯ ಹಾಲಿನಲ್ಲಿ. ಕುರ್ಚಿಗಳು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ವೇದಿಕೆಯ ಮೇಲೆ ನಗರಸಭೆಯ ಮುಖಂಡರು, ನಕ್ಷೆ ಸಾಹೇಬರು, ತುದಿಯ ಕುರ್ಚಿಯಲ್ಲಿ ಅಳಿಯಂದಿರು. ಅವರ ತೊಡೆಯ ಮೇಲೆ ಒಂದು ಕಡತ, ಕೈಯಲ್ಲಿ ಒಂದು ಹಾಳೆ. ಎರಡು ದಿನ ನಿದ್ದೆಗೆಟ್ಟವರ ಹಾಗಿದ್ದರು. ಪಾಪದ ಕೆಲಸ ಮಾಡಿದವರಿಗೆ ನಿದ್ದೆ ಎಲ್ಲಿಂದ ಬಂದೀತು ಅಂದುಕೊಂಡೆ.

ಸಾಹೇಬರು ಫೋನಿನಲ್ಲಿ ಬಂದ ಎಣಿಕೆ ಓದಿದರು. ನಕ್ಷೆ ಒಂದಕ್ಕೆ ನೂರ ಅರವತ್ತನಾಲ್ಕು, ನಕ್ಷೆ ಎರಡಕ್ಕೆ ಇನ್ನೂರ ಎಂಟು. ಇನ್ನು ಪೆಟ್ಟಿಗೆಯ ನಮೂನೆಗಳ ಎಣಿಕೆಯನ್ನು ಗುಮಾಸ್ತರು ಓದುತ್ತಾರೆ ಎಂದರು. ಅಳಿಯಂದಿರು ಎದ್ದು ನಿಂತರು. ನಾನೂ ಎದ್ದು ಕೈ ಎತ್ತಿದೆ. ಈ ಊರಿನ ಯಾವ ಸಭೆಯಲ್ಲೂ ನನ್ನ ಕೈ ಯಾರ ಕಣ್ಣಿಗೂ ಬಿದ್ದದ್ದಿಲ್ಲ. ಅವತ್ತು ಸಾಹೇಬರು ಅಳಿಯಂದಿರಿಗೆ ತಡೆಯಲು ಸನ್ನೆ ಮಾಡಿ, ತಾವೇ ವೇದಿಕೆ ಇಳಿದು ಬಂದು ಮೈಕನ್ನು ನನ್ನ ಕೈಗೆ ಕೊಟ್ಟರು.

"ಈ ಎಣಿಕೆ ಓದೋಕೆ ಮೊದ್ಲು ನಂದೊಂದು ಮಾತಿದೆ," ಎಂದೆ. "ಪೆಟ್ಟಿಗೇಲಿದ್ದ ನಮೂನೆಗಳನ್ನ ಈ ಗುಮಾಸ್ತರು ಮನೆಗೆ ತಗೊಂಡು ಹೋಗಿ ಹರಿದು ಹಾಕಿದ್ದಾರೆ. ಇವರು ನನ್ನ ಅಳಿಯ. ಆದ್ರೂ ಹೇಳ್ತಿದ್ದೀನಿ."

ಎಂಟು ಚೂರುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದೆ. ಗುರುತಿನ ಅರ್ಥ ಹೇಳಿದೆ. ಹಾಲಿನಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನಿಂದ ಬೀಗದವನು ಅಕ್ಕಾ, ಕೂತ್ಕೊಳ್ಳಿ ಅಕ್ಕಾ ಎಂದು ಕೂಗಿದ. ನಿನಗೆ ಬೀಗದ ಚಿಂತೆ ಅಂದುಕೊಂಡು ಅವನ ಕಡೆ ತಿರುಗಲೂ ಇಲ್ಲ. ನಡುವಿನ ಸಾಲಿನಲ್ಲಿ ಕೂತಿದ್ದ ಮಗಳು ಎದ್ದು ಬಾಗಿಲ ಕಡೆ ನಡೆದುಹೋದಳು.

ಸಾಹೇಬರು ಅದೇ ಮೆಲುದನಿಯಲ್ಲಿ ಅಳಿಯಂದಿರನ್ನು ಕೇಳಿದರು. ನಮೂನೆಗಳನ್ನು ಮನೆಗೆ ಕೊಂಡೊಯ್ದದ್ದು ನಿಜವೇ? ಅಳಿಯಂದಿರು ಹೌದು ಎಂದರು. ಹರಿದದ್ದು ನಿಜವೇ? ಹೌದು. ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದರು. ನನ್ನ ಕಡೆ ನೋಡಿದರು. ಆಮೇಲೆ ಕೈಯಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು.

ಮುಂದಿನದೆಲ್ಲ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು. ಪೆಟ್ಟಿಗೆಯ ನಮೂನೆಗಳ ಬಗ್ಗೆ ಸಾರ್ವಜನಿಕರೇ ಸಂಶಯ ಎತ್ತಿರುವುದರಿಂದ ಅವನ್ನು ಪೂರ್ತಿ ಕೈಬಿಡಲಾಗಿದೆ, ಫೋನಿನ ಎಣಿಕೆಯ ಪ್ರಕಾರ ನಕ್ಷೆ ಎರಡು ಆಯ್ಕೆಯಾಗಿದೆ, ಗುಮಾಸ್ತರ ಮೇಲೆ ವಿಚಾರಣೆ ನಡೆಯುತ್ತದೆ. ಸಾಹೇಬರು ಇದನ್ನು ಬರೆದಿಟ್ಟುಕೊಂಡಿದ್ದ ಕಾಗದದಿಂದ ಓದಿದರು. ಓದಿ, ಎಚ್ಚರದ ನಾಗರಿಕರಾದ ಅರ್ಜಿಯಮ್ಮನವರಿಗೆ ಧನ್ಯವಾದ ಹೇಳಿದರು. ಯಾರೋ ಚಪ್ಪಾಳೆ ಕೂಡ ತಟ್ಟಿದರು. ನಾನು ಮೈಕು ಹಿಡಿದುಕೊಂಡೇ ನಿಂತಿದ್ದೆ. ಕೈಬಿಡಿ ಎಂದು ನಾನು ಕೇಳಿರಲಿಲ್ಲ. ನನ್ನ ಮುನ್ನೂರ ಹದಿನೇಳನ್ನು ಹುಡುಕಿ ಎಣಿಸಿ ಎಂದು ಕೇಳುವವಳಿದ್ದೆ.

ಕೆಳಗೆ ಕಮಾನಿನ ಹತ್ತಿರ ಮಗಳು ನನ್ನ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತು ಮುಖ ಊದಿತ್ತು. ಬೀಗದವನು ತಲೆ ತಗ್ಗಿಸಿಕೊಂಡು ಪಕ್ಕದಲ್ಲಿ ನಿಂತಿದ್ದ.

"ಒಂದೇ ಒಂದು ಮಾತು ನನ್ನ ಕೇಳೋಕೆ ಆಗ್ಲಿಲ್ವಾ ಅಮ್ಮ?" ಎಂದಳು.

ಅವಳು ಹೇಳಿದ್ದು ಇಷ್ಟು. ಗಡುವು ಮುಗಿದ ಮರುದಿನವೇ ಸಾಹೇಬರು ಪೆಟ್ಟಿಗೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಜೇಬಿನಿಂದ ನಾನು ಬರೆದುಕೊಟ್ಟ ಆಹ್ವಾನವನ್ನು ತೆಗೆದು ಪಕ್ಕದಲ್ಲಿಟ್ಟರಂತೆ. ಇವೆಲ್ಲ ಒಂದೇ ಕೈಯ ಅಕ್ಷರ, ಒಂದೇ ಮಾತು, ಮೂಲೆಯಲ್ಲಿ ಒಂದೇ ಗುರುತು, ಆದ್ದರಿಂದ ಎಲ್ಲ ಸೇರಿ ಒಬ್ಬ ವ್ಯಕ್ತಿಯ ಒಂದು ಅಭಿಪ್ರಾಯ ಎಂದರಂತೆ. ಬರೆಯಲು ಬಾರದವರು ಏನು ಮಾಡಬೇಕು ಸಾರ್ ಎಂದು ಅಳಿಯಂದಿರು ಕೇಳಿದರು. ಬೇರೆ ಬೇರೆ ಕೈಯಿಂದ ಬರೆಸಿಕೊಂಡು ಬರಲಿ ಎಂದು ನಕ್ಕರಂತೆ ಸಾಹೇಬರು. ಅಳಿಯಂದಿರು ನಗಲಿಲ್ಲ. ಅದನ್ನೇ ಮಾಡಲು ಹೊರಟರು. ದಿನಾ ಒಂದಿಷ್ಟು ಹಾಳೆ ಮನೆಗೆ ತಂದರು. ಮಗಳು ಬರೆದಳು, ಅವಳ ಮಾವ ನಡುಗುವ ಕೈಯಲ್ಲಿ ಬರೆದರು, ಮೇಲಿನ ಮನೆಯವರು, ಕಚೇರಿಯ ಜವಾನರು, ಅವರ ಹೆಂಡತಿಯರು ಬರೆದರು. ಹೊಸ ಹಾಳೆ ಹಿಡಿದು ಅಳಿಯಂದಿರು ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಅದೇ ಜನರಿಗೆ ಓದಿ ಹೇಳಿ ಮತ್ತೆ ಸಹಿ ಹಾಕಿಸಿದರು. ಮನೆ ಸಿಗದವರನ್ನು ಬೀಗದವನು ತನ್ನ ಗೂಡಿಗೆ ಕರೆಸಿದ. ಹಳೆಯ ಹಾಳೆ ಉಳಿದರೆ ಒಬ್ಬರದೇ ಎರಡಾಗುತ್ತದೆ, ಆಗ ಎಲ್ಲವೂ ಸುಳ್ಳಾಗುತ್ತದೆ ಎಂದು ಅದನ್ನು ಹರಿದರು.

ಅಳಿಯಂದಿರ ಕೈಯಲ್ಲಿದ್ದ ಹಾಳೆಯಲ್ಲಿ ಏನಿತ್ತು ಎಂದು ಕೇಳಿದೆ. ಇದ್ದ ಹಾಗೆಯೇ ಇರಲಿ ಎಂದವರು ಮುನ್ನೂರ ಹದಿನೇಳು ಎಂದಳು. ಎಲ್ಲಕ್ಕಿಂತ ಹೆಚ್ಚು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನಿನ್ನ ಅಕ್ಷರದಿಂದಾನೇ ಕೆಟ್ಟಿತು ಅಂತ ನಿಂಗೆ ಯಾರಮ್ಮ ಹೇಳ್ತಾರೆ? ಅವರೇ ಬೇಡ ಅಂದ್ರು. ಅತ್ತೆ ಮೂರು ವಾರ ಕೂತು ಬರೆದಿದ್ದಾರೆ, ನೊಂದ್ಕೋತಾರೆ ಅಂದ್ರು."

ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ಯಾವ ಅರ್ಜಿಯಲ್ಲೂ ಬರೆಯಲಾರೆ. ಊರಿಗೆಲ್ಲ ಅನುಮಾನ ಹಂಚಿದ್ದೆ. ಅಳಿಯನಿಗೆ, ಹದಿನಾರು ವರ್ಷದ ನೆರೆಯವನಿಗೆ, ಹೆತ್ತ ಮಗಳಿಗೆ. ಒಬ್ಬನಿಗೆ ಮಾತ್ರ ಒಂದು ಚೂರೂ ಉಳಿಸಿರಲಿಲ್ಲ, ನನ್ನ ಅಕ್ಷರ ಚೆನ್ನಾಗಿದೆ ಎಂದವನಿಗೆ. ಆಹ್ವಾನ ಯಾರಿಗೂ ಹೋಗದ್ದು, ಭಾನುವಾರದ ಮಾತನ್ನು ಮೇಜಿನ ಮೇಲೆ ಹಾಗೆ ಇಟ್ಟುಹೋದದ್ದು, ಮೈಕು ಕೇಳುವ ಮೊದಲೇ ಕೈಗೆ ಬಂದದ್ದು, ತೀರ್ಮಾನ ಮೊದಲೇ ಬರೆದಿದ್ದದ್ದು, ಎಲ್ಲ ಈಗ ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಬೀಗದವನ ಮುಖ ನೋಡಲಾಗದೆ ಫ್ಲಾಸ್ಕು ತೆಗೆದು ಚಹಾ ಬಗ್ಗಿಸಿಕೊಟ್ಟೆ. ಅವನು ತೆಗೆದುಕೊಂಡ. ಆರಿಹೋಗಿತ್ತು, ಆದರೂ ಕುಡಿದ.

ಮರುದಿನ ಕಮಾನುಗಳ ಕಂಬಕ್ಕೆ ನೋಟಿಸು ಅಂಟಿಸಿದರು. ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು. ಶುಕ್ರವಾರ ಹನ್ನೊಂದರ ಹೊತ್ತಿಗೆ ಅಳಿಯಂದಿರು ಬಂದರು. ಕಚೇರಿಯ ಹೊತ್ತಿನಲ್ಲಿ ಅವರನ್ನು ಚೀಲವಿಲ್ಲದೆ ನೋಡಿದ್ದು ಅದೇ ಮೊದಲು. ಕೈಯಲ್ಲಿ ಅಮಾನತಿನ ಆದೇಶ. ಏಳು ದಿನದೊಳಗೆ ವಿವರಣೆ ಕೊಡಬೇಕಂತೆ. ಸ್ಟೂಲಿನ ಮೇಲೆ ಕೂತರು, ಆದೇಶವನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದರು. ಬೈಯಲಿ ಎಂದು ಕಾದೆ. ಒಂಬತ್ತು ವರ್ಷ ಕೂಡಿಟ್ಟ ಸಿಟ್ಟು ಇದ್ದರೆ ಇವತ್ತು ಹೊರಗೆ ಬರಲಿ, ನನಗೂ ಹಗುರಾಗುತ್ತದೆ ಎಂದು ಕಾದೆ. ಅವರು ಬೈಯಲಿಲ್ಲ. ತಪ್ಪು ನನ್ನದಲ್ಲ ಎಂದೂ ಹೇಳಲಿಲ್ಲ.

ನಾನು ಹಾಳೆ ತೆಗೆದು ಪೆನ್ನು ಬಿಚ್ಚಿದೆ. ಅವರು ಮೆಲ್ಲಗೆ ಹಾಳೆಯ ಮೇಲೆ ಕೈ ಇಟ್ಟರು.

"ಬೇಡ ಅತ್ತೆ. ನಿಮ್ಮ ಅಕ್ಷರ ಅವ್ರಿಗೆ ಗುರುತಿದೆ. ನೀವು ಹೇಳಿ, ನಾನು ಬರ್ಕೋತೀನಿ."

ಮೂವತ್ತೊಂದು ವರ್ಷದಲ್ಲಿ ಆ ಮೇಜಿನ ಹತ್ತಿರ ಯಾರೂ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಿರಲಿಲ್ಲ. ಕೊಟ್ಟೆ. ನನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ನಾನು ಸುತ್ತು ಬಂದು ಸ್ಟೂಲಿನ ಮೇಲೆ ಕೂತೆ. ಅದು ಎಷ್ಟು ಗಿಡ್ಡ ಎಂದು ನನಗೆ ಗೊತ್ತೇ ಇರಲಿಲ್ಲ. ಕೂತವರು ಕತ್ತೆತ್ತಿ ನೋಡಬೇಕು.

"ಮಾನ್ಯರೇ ಅಂತ ಹಾಕಿ," ಎಂದೆ. "ಕೆಳಗೆ ಬರೀರಿ. ತಪ್ಪು ನಮ್ಮ ಅತ್ತೆಯವರದು."

ಅವರು ಬರೆಯದೆ ಹಾಳೆಯಿಂದ ಪೆನ್ನು ಎತ್ತಿದರು. ಹಾಗೆ ಬರೆದರೆ ನಾಳೆ ಯಾವ ಕಚೇರಿಯೂ ನೀವು ಬರೆದ ಅರ್ಜಿ ಮುಟ್ಟುವುದಿಲ್ಲ, ಈ ಜಾಗ ಹೋದರೂ ಬೇರೆಲ್ಲಾದರೂ ಮೇಜು ಹಾಕಬಹುದು, ಅದೂ ಇಲ್ಲದ ಹಾಗಾಗುತ್ತದೆ ಎಂದರು.

"ಬರೀರಿ," ಎಂದೆ. "ಅವರು ಸರಿಯಾಗಿ ವಿಚಾರಿಸದೆ, ಹರಿದ ಚೂರು ನೋಡಿ, ಸಭೆಯಲ್ಲಿ ಅಪವಾದ ಹೊರಿಸಿದರು. ಬರೆದ್ರಾ?"

ಬರೆದರು. ಆಮೇಲಿನದನ್ನೂ ಒಂದೊಂದೇ ಸಾಲಾಗಿ ಹೇಳಿದೆ, ಮುನ್ನೂರ ಹದಿನೇಳು ಜನ ಎರಡೆರಡು ಸಲ ಸಹಿ ಹಾಕಿದ್ದನ್ನೂ, ಬೇಕಾದರೆ ಮೂರನೆಯ ಸಲ ಬಂದು ಹಾಕುತ್ತಾರೆ ಎಂಬುದನ್ನೂ. ಅಳಿಯಂದಿರ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಸಾಲು ಮೇಲಕ್ಕೂ ಕೆಳಕ್ಕೂ ಓಡುತ್ತಿತ್ತು. ಮುಗಿದ ಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಕೈ ತಾನಾಗಿಯೇ ಎಡಗಡೆಯ ಕೆಳಮೂಲೆಗೆ ಹೋಯಿತು. ಪೆನ್ನು ನನ್ನ ಹತ್ತಿರ ಇರಲಿಲ್ಲ. ಕೈಯನ್ನು ಮಡಿಲಿಗೆ ಎಳೆದುಕೊಂಡು, ಸರಿಯಾಗಿದೆ, ಇದನ್ನೇ ಕೊಡಿ ಎಂದೆ.